ಇಂದ್ರಜಾಲ ಇಳಿಸಿ ಎಂದವರು

ನಮ್ಮ ಬಯಾಲಜಿ ಮಿಸ್ ಕೊರಳಲ್ಲಿ ಕರಿಮಣಿ ಸರದ ಜೊತೆಗೇ ಕಪ್ಪು ದಾರಕ್ಕೆ ಕಟ್ಟಿದ ಭೂತಗನ್ನಡಿಯೊಂದು ನೇತಾಡುತ್ತಿತ್ತು. ಕೋಪ ಬಂದಾಗ ಅದನ್ನು ಮುಷ್ಟಿಯಲ್ಲಿ ಬಿಗಿಯಾಗಿ ಹಿಡಿದುಕೊಳ್ಳುತ್ತಿದ್ದರು. ಕೋಪ ಅವರಿಗೆ ದಿನಾ ಬರುತ್ತಿತ್ತು. ಪಾಠ ಬಾರದ ಮಕ್ಕಳ ಮೇಲಲ್ಲ. ಗೊತ್ತಿದ್ದೂ ಗೊತ್ತಿಲ್ಲದವರ ಹಾಗೆ ಇರುವ ದೊಡ್ಡವರ ಮೇಲೆ.

ನಮ್ಮದು ಬೆಂಗಳೂರಿನ ಚಾಮರಾಜಪೇಟೆಯ ಹೆಣ್ಣುಮಕ್ಕಳ ಶಾಲೆ. ನಮ್ಮಲ್ಲಿ ಬಹಳ ಮಂದಿ ಸಮುದ್ರವನ್ನು ನೋಡಿಯೇ ಇರಲಿಲ್ಲ. ಒಂಬತ್ತನೇ ಕ್ಲಾಸಿನಲ್ಲಿ ಅವರು ಅಳಿವಿನಂಚಿನ ಕಡಲಜೀವಿಗಳ ಬಗ್ಗೆ ಹೇಳುತ್ತಿದ್ದಾಗ ನಾನೇ ಎದ್ದು ಕೇಳಿದೆ: "ಮಿಸ್, ಇದನ್ನೆಲ್ಲ ಮಂಗಳೂರು, ಕಾರವಾರದವರು ನೋಡ್ಕೋಬೇಕಲ್ವಾ? ಇಲ್ಲಿದ್ಕೊಂಡು ನಾವೇನ್ ಮಾಡಕ್ಕಾಗತ್ತೆ?"

"ಕೀಳೋರು ಅಲ್ಲಿರ್ತಾರೆ. ಕೊಳ್ಳೋರು ಎಲ್ಲಿರ್ತಾರೆ? ಹೋಗಿ ನಿಮ್ಮನಿಮ್ಮ ಮನೇಲಿ ಹುಡುಕ್ರೇ."

ನಾವು ನಿಜವಾಗಿಯೂ ಹುಡುಕಿದೆವು. ಮರುದಿನ ನನ್ನ ಪಕ್ಕದಲ್ಲಿ ಕೂರುತ್ತಿದ್ದ ಗೆಳತಿ ಗಾಜಿನ ಚೌಕಟ್ಟಿನಲ್ಲಿದ್ದ ಕಪ್ಪು ಬಲೆಯಂಥದೊಂದನ್ನು ತಂದಳು. ಒಣ ರೆಂಬೆಗಳೆಲ್ಲ ಒಂದಕ್ಕೊಂದು ಹೆಣೆದುಕೊಂಡ ಹಾಗಿತ್ತು. ಅವಳ ಚಿಕ್ಕಪ್ಪ ಬಳೇಪೇಟೆಯಲ್ಲಿ ಕೊಂಡು ಬಾಗಿಲ ಮೇಲೆ ತೂಗುಹಾಕಿದ್ದರು. ಹೆಸರು ಇಂದ್ರಜಾಲ. ದೃಷ್ಟಿ ತಾಗುವುದಿಲ್ಲವಂತೆ, ಮಾಟ ತಟ್ಟುವುದಿಲ್ಲವಂತೆ.

ಮಿಸ್ ಚೌಕಟ್ಟಿನ ಹಿಂದಿನ ರಟ್ಟು ಬಿಚ್ಚಿ, ಒಬ್ಬೊಬ್ಬರನ್ನೇ ಕರೆದು ಭೂತಗನ್ನಡಿಯಲ್ಲಿ ತೋರಿಸಿದರು. ಕಡ್ಡಿಗೆ ಅಂಟಿದ್ದ ಒಣ ಸಿಪ್ಪೆಯ ತುಂಬ ಸೂಜಿಯಲ್ಲಿ ಚುಚ್ಚಿದಂಥ ತೂತುಗಳು.

"ಒಂದೊಂದು ತೂತಲ್ಲೂ ಒಂದೊಂದು ಜೀವ ಇತ್ತು. ಇದು ಗಿಡ ಅಲ್ಲ, ಬೇರಲ್ಲ. ಹವಳದ ಜಾತಿಯ ಪ್ರಾಣಿ, ಕಡಲ ಬೀಸಣಿಗೆ ಅಂತಾರೆ. ಹುಲಿಗೆ ಯಾವ ಕಾನೂನೋ ಇದಕ್ಕೂ ಅದೇ. ಮಾರೋದೂ ತಪ್ಪು, ತೂಗುಹಾಕ್ಕೊಳ್ಳೋದೂ ತಪ್ಪು."

ಗೆಳತಿ ಅಳತೊಡಗಿದಳು. ಮಿಸ್ ಅವಳ ತಲೆ ಸವರಿ, "ನೀನ್ಯಾಕೆ ಅಳ್ತೀಯ? ತಂದು ತೋರಿಸಿದ್ಯಲ್ಲ, ನೀನೇ ಜಾಣೆ" ಎಂದರು. ಅಂದು ಸಂಜೆಯೇ ಅವಳ ಮನೆಗೆ ಹೋಗಿ ಚಿಕ್ಕಪ್ಪನನ್ನು ಒಪ್ಪಿಸಿ, ಅದನ್ನು ಅರಣ್ಯ ಇಲಾಖೆಗೆ ಕೊಡಿಸಿದರು.

ಶನಿವಾರ ನಮ್ಮಲ್ಲಿ ಕೆಲವರನ್ನು ಬಳೇಪೇಟೆಗೆ ಕರೆದುಕೊಂಡು ಹೋದರು. ಪೂಜಾ ಸಾಮಾನಿನ ಅಂಗಡಿಯೊಂದರಲ್ಲಿ ಇಂದ್ರಜಾಲಗಳು ಸಾಲಾಗಿ ನೇತಾಡುತ್ತಿದ್ದವು. ಹಣೆ ತುಂಬ ವಿಭೂತಿ ಧರಿಸಿದ್ದ ಯಜಮಾನರು ಮೊದಲು ನಕ್ಕರು. ಆಮೇಲೆ ಮಿಸ್ ಕೊಟ್ಟ ಭೂತಗನ್ನಡಿಯಲ್ಲಿ ಬಹಳ ಹೊತ್ತು ನೋಡಿದರು.

"ಸಮುದ್ರದ ಬೇರು ಅಂತ ಹೇಳಿ ಕೊಟ್ರಮ್ಮ. ಜೀವ ಇದ್ದದ್ದು ಅಂತ ಗೊತ್ತಿದ್ರೆ ಮುಟ್ತಿರ್ಲಿಲ್ಲ" ಎಂದವರೇ ಸ್ಟೂಲು ಹತ್ತಿ ಎಲ್ಲವನ್ನೂ ಇಳಿಸಿದರು. ಎಲ್ಲ ಅಂಗಡಿಯವರೂ ಹಾಗಿರಲಿಲ್ಲ. ಒಬ್ಬ ನಮ್ಮನ್ನು ಬೈದು ಓಡಿಸಿದ.

ನಮ್ಮ ಶಾಲೆಯ ಕಾರ್ಯದರ್ಶಿಯವರ ಕೋಣೆಯಲ್ಲೂ ಒಂದು ಇಂದ್ರಜಾಲವಿತ್ತು. ಅವರ ಕುರ್ಚಿಯ ಹಿಂದೆಯೇ, ಚಿನ್ನದ ಬಣ್ಣದ ಚೌಕಟ್ಟಿನಲ್ಲಿ. ಇಳಿಸಿ ಎಂದು ಮಿಸ್ ಅವರಿಗೆ ಮೊದಲೇ ಹೇಳಿದ್ದರು. "ಗೊತ್ತು ಮೇಡಂ. ನಂಬಿಕೆ ವಿಷಯ, ಬಿಟ್ಬಿಡಿ" ಎಂದಿದ್ದರಂತೆ. ಗೊತ್ತು ಎಂದಿದ್ದರು. ಇವತ್ತಿಗೂ ನನ್ನ ಹೊಟ್ಟೆ ಉರಿಯುವುದು ಆ ಒಂದು ಮಾತಿಗೆ.

ವಿಜ್ಞಾನ ಪ್ರದರ್ಶನದ ದಿನ ನಾವು ಕಡಲ ಬೀಸಣಿಗೆಯ ದೊಡ್ಡ ಚಿತ್ರ ಬರೆದು ನಿಲ್ಲಿಸಿದ್ದೆವು. ಕಾರ್ಯದರ್ಶಿಯವರು ಮುಖ್ಯ ಅತಿಥಿಗಳನ್ನು ಕರೆತಂದರು. ನನ್ನ ಗೆಳತಿ ಎಲ್ಲೂ ತಡವರಿಸದೆ ಎಲ್ಲ ವಿವರಿಸಿದಳು. ಅತಿಥಿಗಳು, "ಭೇಷ್ ಮಗು, ಎಲ್ಲರ ಮನೆಯಲ್ಲೂ ಇಳಿಸ್ಬೇಕು" ಎಂದು ಬೆನ್ನು ತಟ್ಟಿದರು. ಆ ಖುಷಿಯಲ್ಲಿ ಅವಳು, "ಹೂಂ ಸರ್. ನಮ್ಮ ಸೆಕ್ರೆಟರಿ ಸರ್ ರೂಮಲ್ಲೂ ಒಂದಿದೆ. ಅವರೂ ಇಳಿಸ್ತಾರೆ" ಎಂದುಬಿಟ್ಟಳು.

ಅವಳ ಮಾತಿನಲ್ಲಿ ಕುಹಕವಿರಲಿಲ್ಲ. ಇಳಿಸುತ್ತಾರೆಂದೇ ನಂಬಿದ್ದಳು.

ಅತಿಥಿಗಳು ಹೊರಟ ಮೇಲೆ ಕಾರ್ಯದರ್ಶಿಯವರು ಮಿಸ್ ಜೊತೆಗೆ ನಮ್ಮನ್ನೆಲ್ಲ ತಮ್ಮ ಕೋಣೆಗೆ ಕರೆಸಿದರು. ಸೋಮವಾರ ಪ್ರಾರ್ಥನೆಯ ಹೊತ್ತಿಗೆ ಇಡೀ ಶಾಲೆಯೆದುರು ಅವಳು ಕೈಮುಗಿದು ಕ್ಷಮೆ ಕೇಳಬೇಕೆಂದು ಅಪ್ಪಣೆಯಾಯಿತು. ಅವಳಿಗೆ ಆಗ ಹದಿನಾಲ್ಕು ವರ್ಷ.

ಮಿಸ್ ಅವಳ ಮುಂದೆ ಬಂದು ನಿಂತರು. "ನಿಜ ಹೇಳಿದ್ದಕ್ಕೆ ಕ್ಷಮೆ ಕೇಳೋದನ್ನ ನಾನು ಕಲಿಸಿಲ್ಲ ಸರ್. ಅವಳು ಕೇಳಲ್ಲ."

"ಹಾಗಾದ್ರೆ ನೀವು ಕೇಳಿ."

"ನಾನೂ ಕೇಳಲ್ಲ. ಬೇಕಾದ್ರೆ ಕೆಲಸದಿಂದ ತೆಗೀರಿ."

ತೆಗೆದರು. ಅದೂ ಕೂಡಲೇ ಅಲ್ಲ. ಹತ್ತನೆಯವರ ಪರೀಕ್ಷೆ ಮುಗಿಯುವವರೆಗೆ ಕತ್ತೆಯ ಹಾಗೆ ದುಡಿಸಿಕೊಂಡು, ಬೇಸಿಗೆ ರಜೆಯಲ್ಲಿ ಜೂನ್‌ನಿಂದ ಬರಬೇಡಿ ಎಂದರು. ಆ ಇಂದ್ರಜಾಲದ ಬಗ್ಗೆ ಮಿಸ್ ದೂರು ಕೊಟ್ಟಿದ್ದರು. ಅರಣ್ಯ ಇಲಾಖೆಯವರು ಬಂದಾಗ ಕುರ್ಚಿಯ ಹಿಂದೆ ಬರೀ ಮೊಳೆಯಿತ್ತು.

ಆಮೇಲೆ ಮಿಸ್ ಎನ್.ಆರ್. ಕಾಲೋನಿಯ ತಮ್ಮ ಮನೆಯಲ್ಲೇ ಟ್ಯೂಷನ್ ಹೇಳಿದರು. ಭಾನುವಾರ ನಾವು ಅಲ್ಲಿ ಸೇರಿ ಅಂಗಡಿ ಅಂಗಡಿ ಸುತ್ತುತ್ತಿದ್ದೆವು. ಪಿಯುಸಿ, ಡಿಗ್ರಿ ಆದ ಮೇಲೂ ಸುತ್ತಿದೆವು. ಹೊಸ ಮಕ್ಕಳು ಬಂದು ಸೇರಿಕೊಂಡರು. "ಜಗಳ ಆಡ್ಬೇಡಿ, ಆದ್ರೆ ಸುಮ್ನೂ ಬರ್ಬೇಡಿ" ಎಂದು ಹೇಳಿ ಕಳಿಸುತ್ತಿದ್ದರು. ಜಗಳವನ್ನು ತಾವೇ ಆಡುತ್ತಿದ್ದರು.

ಹೋದ ವರ್ಷ ಶ್ವಾಸಕೋಶದ ಕಾಯಿಲೆಯಿಂದ ತೀರಿಕೊಂಡರು. ಶಾಲೆಯಲ್ಲಿ ಶ್ರದ್ಧಾಂಜಲಿ ಸಭೆ ಇಟ್ಟರು. ವೇದಿಕೆಯ ಮೇಲೆ ಅದೇ ಕಾರ್ಯದರ್ಶಿ. ಗೋಡೆಯ ಮೇಲೆ ಡಾಲ್ಫಿನ್ ಚಿತ್ರ, ಕೆಳಗೆ "ಕಡಲು ಉಳಿಸಿ". "ಅವರು ಶಾಂತ ಸ್ವಭಾವದ ಶಿಕ್ಷಕಿ. ಸ್ವಇಚ್ಛೆಯಿಂದ ನಿವೃತ್ತರಾದರು" ಎಂದು ಅವರು ಓದಿದರು.

ನನಗೆ ಕೂರಲಾಗಲಿಲ್ಲ. ಎದ್ದು ನಿಂತೆ.

"ಸುಳ್ಳು ಹೇಳ್ಬೇಡಿ ಸರ್. ಅವರು ಶಾಂತ ಸ್ವಭಾವದವರಲ್ಲ. ನಿವೃತ್ತಿನೂ ತಗೊಳ್ಳಲಿಲ್ಲ. ನಿಮ್ಮ ಗೋಡೆ ಮೇಲಿದ್ದ ಇಂದ್ರಜಾಲ ಇಳಿಸಿ ಅಂದಿದ್ದಕ್ಕೆ ನೀವು ಅವರನ್ನ ತೆಗೆದ್ರಿ."

"ಸಾವಿನ ಸಭೆ, ಕೂತ್ಕೊಳ್ಳಮ್ಮಾ" ಎಂದು ಯಾರೋ ಗದರಿದರು. ಆಗ ಎರಡು ಸಾಲು ಹಿಂದೆ ಇನ್ನೊಂದು ಕುರ್ಚಿ ಸರಿಯಿತು. ನನ್ನ ಗೆಳತಿ ಎದ್ದು ನಿಂತಿದ್ದಳು. "ಕ್ಷಮೆ ಕೇಳ್ಬೇಕಾಗಿದ್ದವಳು ನಾನೇ ಸರ್" ಎಂದಳು. "ಆವತ್ತೂ ಕೇಳಲಿಲ್ಲ, ಇವತ್ತೂ ಕೇಳಲ್ಲ."

ಇಬ್ಬರೂ ಹೊರಗೆ ಬಂದೆವು. ಹಿಂದೆಯೇ ಯೂನಿಫಾರ್ಮಿನ ಹುಡುಗಿಯರು ನಾಲ್ಕೈದು ಮಂದಿ ಓಡಿಬಂದರು. ಒಬ್ಬಳು ಏದುಸಿರು ಬಿಡುತ್ತ ಕೇಳಿದಳು:

"ಅಕ್ಕಾ, ಇಂದ್ರಜಾಲ ಅಂದ್ರೇನು? ನಮ್ಮನೆ ಬಾಗ್ಲಲ್ಲಿ ಒಂದು ಕಪ್ಪು ಬಲೆ ಇದೆ."

ಅಲ್ಲೇ ಶಾಲೆಯ ಮೆಟ್ಟಿಲ ಮೇಲೆ ಕೂತು ಹೇಳಲು ಶುರು ಮಾಡಿದೆವು.