ಹುಳುಕಣ್ಣನ ಸ್ವಂತ ಮನೆ

"ಮನೆ ತೋರಿಸೋ ಮುಂಚೆನೇ ಹುಳುಕು ಹೇಳ್ತಾನಲ್ಲ, ಇನ್ನೂ ದೊಡ್ಡದೇನೋ ಮುಚ್ಚಿಟ್ಟಿರ್ತಾನೆ ಬಿಡು," ಎನ್ನುತ್ತಿದ್ದರು ಅಕ್ಕಪಕ್ಕದವರು. ಆ ಮನೆ ಬ್ರೋಕರ್‌ಗೆ ಅವರಿಟ್ಟ ಹೆಸರೇ ಹುಳುಕಣ್ಣ. ಗಿರಾಕಿಯನ್ನು ಕರೆದುಕೊಂಡು ಹೋದರೆ ಅವನು ಮೊದಲು ನಿಲ್ಲುತ್ತಿದ್ದದ್ದು ನೀರು ಜಿನುಗುವ ಗೋಡೆಯ ಎದುರು. ಬೆನ್ನ ಹಿಂದೆ ಎಷ್ಟೇ ಅನುಮಾನಪಟ್ಟರೂ, ಮನೆ ಬೇಕಾದವರು ಹೋಗುತ್ತಿದ್ದದ್ದು ಅವನ ಬಳಿಗೇ.

ಹೆಂಡತಿಗೆ ಮಂಡಿನೋವು ಬಂದು ಮೆಟ್ಟಿಲು ಹತ್ತಲಾಗದಾಗ, ಅವನು ಮಹಡಿಯ ಮೇಲಿನ ತನ್ನ ಮನೆಯನ್ನೇ ಮಾರಬೇಕಾಯಿತು. ಇದನ್ನು ಮಾರಿದರಷ್ಟೇ ನೆಲಮಹಡಿಯ ಮನೆಯೊಂದನ್ನು ಕೊಳ್ಳಲು ಸಾಧ್ಯವಿತ್ತು. ನೋಡಲು ಬಂದ ಟೀಚರಮ್ಮ ಕೋಣೆ ಕೋಣೆ ಸುತ್ತಿದರು. ಹುಳುಕಣ್ಣ ಬೆಳಕು ಹೊಗಳಿದ, ಗಾಳಿ ಹೊಗಳಿದ. ಆಕೆ ಹುಬ್ಬು ಗಂಟಿಕ್ಕಿದರು.

"ಅಣ್ಣಾ, ಊರವರ ಮನೇಲೆಲ್ಲ ಹುಳುಕು ಹೇಳ್ತೀರಿ. ನಿಮ್ಮನೇಲಿ ಒಂದೂ ಇಲ್ವಾ? ಏನೋ ಇದೆ. ನಾನು ಬರ್ತೀನಿ," ಎಂದು ಚಪ್ಪಲಿ ಮೆಟ್ಟಿದರು.

ಅವನು ಗೋಡೆಗಳ ಮೇಲೆಲ್ಲ ಕಣ್ಣಾಡಿಸಿದ. ಅಷ್ಟು ವರ್ಷ ಬಾಳಿದ ಮನೆಯಲ್ಲಿ ಅವನಿಗೆ ನಿಜಕ್ಕೂ ಏನೂ ಕಾಣಲಿಲ್ಲ.

ಒಳಗಿನಿಂದ ಹೆಂಡತಿ ಕೂಗಿದಳು: "ಬಚ್ಚಲ ನೀರು ಸರಿಯಾಗಿ ಹೋಗಲ್ಲ ಕಣಮ್ಮ. ಮಲಗೋ ಕೋಣೆ ಬಾಗಿಲು ಹಾಕಕ್ಕಾಗಲ್ಲ, ನಮ್ಮ ಜಗಳ ಬೀದಿಗೆಲ್ಲ ಕೇಳುತ್ತೆ. ಇವರಿಗೆ ಹೇಳಿ ಹೇಳಿ ಸಾಕಾಯ್ತು."

ಟೀಚರಮ್ಮ ನಕ್ಕು ಚಪ್ಪಲಿ ಬಿಟ್ಟರು. ವ್ಯಾಪಾರ ಕುದುರಿತು.

"ಗಂಡ ಹೆಂಡ್ತಿ ಸೇರ್ಕೊಂಡು ಎಂಥ ನಾಟಕ ಆಡಿದ್ರು ನೋಡು," ಎಂದಳು ಎದುರುಮನೆಯಾಕೆ.

ಮನೆ ಬಿಟ್ಟ ದಿನ ಹೆಂಡತಿಯನ್ನು ಕೆಳಗಿಳಿಸಿ ಹುಳುಕಣ್ಣ ಮತ್ತೆ ಮೇಲೆ ಬಂದ. ಮಲಗುವ ಕೋಣೆಯ ಬಾಗಿಲನ್ನು ತಳ್ಳಿ ನೋಡಿದ. ಅದು ಅರ್ಧಕ್ಕೇ ನಿಂತಿತು. "ಹೌದಲ್ಲ," ಎಂದುಕೊಂಡು, ಹೊರಬಾಗಿಲಿಗೆ ಬೀಗ ಹಾಕಿ ಮೆಟ್ಟಿಲಿಳಿದ.