ಉಪ್ಪಿನ ಹೆಸರು ಮರೆತಾಗ

ಬ್ರಿಟಿಷರ ಕಾಲದಲ್ಲಿ ಅಪ್ಪ ಕೊಡಗಿನ ಸಿದ್ದಾಪುರದ ಹತ್ತಿರದ ಒಂದು ಕಾಫಿ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ್ ಆಗಿದ್ದರು. ನನಗೆ ಆಗ ಒಂಬತ್ತು ವರ್ಷ. ಒಂದು ಬೆಳಿಗ್ಗೆ ಮರ ಸಾಗಿಸುವ ಎತ್ತಿನ ಗಾಡಿಯ ಹಿಂದೆ ಜೋತುಬಿದ್ದು ಹೋಗುತ್ತಿದ್ದವಳು ಕಲ್ಲಿಗೆ ತಲೆ ಬಡಿದು ಬಿದ್ದೆನಂತೆ. ಎಸ್ಟೇಟಿನ ಬಿಳಿಯ ದೊರೆಯ ಮೋಟಾರಿನಲ್ಲೇ ವಿರಾಜಪೇಟೆಯ ಆಸ್ಪತ್ರೆಗೆ ಒಯ್ದರಂತೆ. ಎರಡು ದಿನ ಪ್ರಜ್ಞೆ ಇರಲಿಲ್ಲ. ಕಣ್ಣು ಬಿಟ್ಟಾಗ ಪಕ್ಕದಲ್ಲಿ ಅತ್ತೆ ಕೂತಿದ್ದರು. ಅವರು ಅಪ್ಪನ ಅಕ್ಕ, ಗಂಡ ತೀರಿಕೊಂಡ ಮೇಲೆ ನಮ್ಮ ಮನೆಯಲ್ಲೇ ಇದ್ದವರು.

ಮನೆಗೆ ಕಳಿಸುವಾಗ ಡಾಕ್ಟರು ಅಪ್ಪನಿಗೆ ಹೇಳಿದರು: "ಹೊರಗಿನ ಗಾಯ ಒಣಗಿದೆ. ಒಳಗಿಂದು ಒಣಗೋಕೆ ತಿಂಗಳುಗಟ್ಟಲೆ ಬೇಕು. ಓಡೋಕೆ ಬಿಡಬೇಡಿ, ಈಗಲೇ ಓದಿಸಬೇಡಿ. ಸಿಟ್ಟು ಮಾಡಿದ್ರೆ ಹೊಡೀಬೇಡಿ, ಅದು ಹಟ ಅಲ್ಲ."

ಮನೆಗೆ ಬಂದ ಮೇಲೆ ನನಗೆ ಮಾತುಗಳೇ ಸಿಗುತ್ತಿರಲಿಲ್ಲ. ಉಪ್ಪು ಬೇಕಾದರೆ "ಆ ಬಿಳೀದು, ಗಂಜಿಗೆ ಹಾಕೋದು" ಎನ್ನುತ್ತಿದ್ದೆ. ಯಾರಾದರೂ ನಕ್ಕರೆ ತಟ್ಟೆ ಎಸೆಯುತ್ತಿದ್ದೆ. ಗಾಳಿ ಸೋಕಿದೆ, ಮಂತ್ರ ಹಾಕಿಸಿ ಎಂದರು ಕೂಲಿಯವರ ಲೈನಿನ ಹೆಂಗಸರು.

"ಗಾಳಿನೂ ಇಲ್ಲ, ಗೀಳಿನೂ ಇಲ್ಲ. ಕೂಸು ಬಿದ್ದು ಪೆಟ್ಟಾಗೈತೆ, ಅಷ್ಟೇಯ," ಎಂದು ಅತ್ತೆ ಅವರನ್ನು ಕಳಿಸಿಬಿಟ್ಟರು.

ಅವ್ವನ ಕೈಯಲ್ಲಿ ಎಳೆಗೂಸಿತ್ತು. ಹಾಗಾಗಿ ನನ್ನನ್ನು ನೋಡಿಕೊಂಡವರು ಅತ್ತೆಯೇ. ದಿನಾ ಅಡುಗೆಮನೆಯಲ್ಲಿ ಕೂರಿಸಿಕೊಂಡು ಸೌಟನ್ನೋ ಒನಕೆಯನ್ನೋ ತೋರಿಸಿ ಹೆಸರು ಕೇಳುತ್ತಿದ್ದರು. ತಾವಾಗಿ ಹೇಳಿಕೊಡುತ್ತಿರಲಿಲ್ಲ, ಒಲೆಯ ಮೇಲಿನ ಅನ್ನ ಸೀದರೂ ಕಾಯುತ್ತಿದ್ದರು. ನನ್ನ ಮುಖ ಬಾಡಿದರೆ, "ಸುಸ್ತಾತಾ? ಹೋಗಿ ಮಲಿಕ್ಕೋ ಮಗ," ಎನ್ನುತ್ತಿದ್ದರು.

ಒಂದು ದಿನ ಸಿಟ್ಟಿನಲ್ಲಿ ಎಸೆದ ಕಂಚಿನ ಚೊಂಬು ಅವರ ಮಣಿಕಟ್ಟಿಗೆ ಬಡಿದು ಕೈ ಊದಿಕೊಂಡಿತು. ಬಚ್ಚಲಲ್ಲಿ ಜಾರಿದೆ ಎಂದು ಅಪ್ಪನಿಗೆ ಹೇಳಿದರು. ಎಷ್ಟೋ ವರ್ಷಗಳ ನಂತರ ಯಾಕೆ ಸುಳ್ಳು ಹೇಳಿದಿರಿ ಎಂದು ಕೇಳಿದೆ. "ನಿಂಗೆ ನಿನ್ ಪರವಾಗಿ ಹೇಳ್ಕೊಳ್ಳಾಕೆ ಮಾತೇ ಇರ್ಲಿಲ್ಲ. ನಾನೊಬ್ಳೇ ದೂರು ಹೇಳದು ನ್ಯಾಯವಾ?" ಎಂದರು. ನನಗೆ ಅಳು ಬಂತು.

ಏಳು ತಿಂಗಳ ನಂತರ ಶಾಲೆಗೆ ಹೋದೆ, ಅರ್ಧ ದಿನ ಮಾತ್ರ. ಮೊದಲೇ ಅತ್ತೆ ಹೋಗಿ ಮೇಷ್ಟರಿಗೆ ಎಲ್ಲ ಹೇಳಿದ್ದರು. ಮೇಷ್ಟರು ನನಗೆ ಒಂದು ಮಗ್ಗಿಯ ಲೆಕ್ಕ ಕೇಳಿದಾಗ ಎದ್ದು ನಿಂತೆ, ಉತ್ತರ ಬಾಯಿಗೆ ಬರಲಿಲ್ಲ. ಹಿಂದಿನಿಂದ ಯಾರೋ ಕಿಸಕ್ಕನೆ ನಕ್ಕರು.

"ಅವಳಿಗೆ ಉತ್ತರ ಗೊತ್ತು. ಬರೋಕೆ ಸ್ವಲ್ಪ ಹೊತ್ತು ಬೇಕು," ಎಂದು ಮೇಷ್ಟರು ಕೈಕಟ್ಟಿ ನಿಂತರು.

ಕೊನೆಗೂ "ಐವತ್ತಾರು" ಎಂದೆ. ಮೇಷ್ಟರು ತಲೆಯಾಡಿಸಿ ಪಕ್ಕದವಳಿಗೆ ಮುಂದಿನ ಪ್ರಶ್ನೆ ಕೇಳಿದರು, ಏನೂ ವಿಶೇಷ ನಡೆದಿಲ್ಲ ಎನ್ನುವಂತೆ. ಅವತ್ತು ಅವರು ಹೊಗಳದೆ ಇದ್ದದ್ದಕ್ಕೆ ನನಗೆ ಈಗಲೂ ಕೃತಜ್ಞತೆ ಇದೆ.