ಅಣ್ಣನೊಡನೆ ಉಸಿರು ಬಿಗಿಹಿಡಿದ ಮಧ್ಯಾಹ್ನ

ನಮ್ಮಣ್ಣ ಗಡಿಯಾರ ರಿಪೇರಿ ಮಾಡುತ್ತಿದ್ದ. ಮನೆಯ ಮುಂದಿನ ಕೋಣೆಯೇ ಅಂಗಡಿ. ಕಿಟಕಿಗೆ ಆತುಕೊಂಡಂತೆ ಮೇಜು, ಅದರ ಮೇಲೆ ಬಿಚ್ಚಿಟ್ಟ ಕೈಗಡಿಯಾರಗಳು. ಸಾಸಿವೆಗಿಂತ ಸಣ್ಣ ಸ್ಕ್ರೂವನ್ನು ಅವನು ಚಿಮುಟದಲ್ಲಿ ಎತ್ತಿಕೊಂಡನೆಂದರೆ ಮನೆಮಂದಿಯೆಲ್ಲ ಉಸಿರು ಬಿಗಿಹಿಡಿಯಬೇಕು. ಅತ್ತಿಗೆಯಂತೂ ಅವನನ್ನು ಕೇಳದೆ ಮೆಣಸಿನಕಾಯಿ ಹುರಿಯುತ್ತಿರಲಿಲ್ಲ. ಸ್ಕ್ರೂ ಏನಾದರೂ ಜಾರಿ ಬಿದ್ದರೆ ಎಲ್ಲರೂ ನೆಲದ ಮೇಲೆ ಅಂಬೆಗಾಲು.

ವಯಸ್ಸಾದಂತೆ ಅಣ್ಣನ ಕೈ ನಡುಗತೊಡಗಿತು. ಮಗಳು ಅವನ ಬಳಿಯೇ ಕೆಲಸ ಕಲಿತು ಪಳಗಿದ್ದಳು. ಆದರೂ ಅವಳಿಗೆ ಮೂಲೆಯ ಸ್ಟೂಲೇ ಗತಿ. ಕಿಟಕಿಯ ಮೇಜನ್ನು ಅಣ್ಣ ಬಿಟ್ಟುಕೊಡಲೊಲ್ಲ.

"ಆ ಮೇಜು ಬಿಟ್ರೆ ನಾನ್ಯಾರು?" ಎನ್ನುತ್ತಿದ್ದ.

"ಒಂದಿನ ಎಲ್ಲಾದ್ರೂ ಕರ್ಕೊಂಡು ಹೋಗಿ. ನಿಮ್ಮ ಮಾತಾದ್ರೆ ಕೇಳ್ತಾರೆ" ಎಂದು ಅತ್ತಿಗೆ ನನ್ನನ್ನು ಬೇಡಿಕೊಂಡಳು.

ಒಂದು ಭಾನುವಾರ ಇಬ್ಬರೂ ಬಸ್ಸಿನಲ್ಲಿ ಕೊನೆಯ ನಿಲ್ದಾಣದವರೆಗೆ ಹೋಗಿ, ಕಾಲುವೆಯ ಏರಿ ಹಿಡಿದು ನಡೆದೆವು. ಅಣ್ಣ ನೆಲ ನೋಡುತ್ತಲೇ ನಡೆಯುತ್ತಿದ್ದ.

"ಏನಣ್ಣ, ಏನಾದ್ರೂ ಕಳ್ಕೊಂಡ್ಯಾ?"

"ಅಭ್ಯಾಸ ಕಣೇ. ಜೀವಮಾನವೆಲ್ಲ ಬಿದ್ದಿದ್ದನ್ನೇ ಹುಡುಕಿದೀನಲ್ಲ."

"ಒಂದು ಸಲ ಆಕಾಶಾನೂ ನೋಡು."

ಕತ್ತೆತ್ತಿ ನೋಡಿದ. "ಅಲ್ಲೇ ಇದೆ" ಎಂದು ಮತ್ತೆ ತಲೆ ತಗ್ಗಿಸಿದ.

ಮರದ ನೆರಳಲ್ಲಿ ಬ್ರೆಡ್ಡು, ಬಾಳೆಹಣ್ಣು ತಿಂದು ಕುಳಿತೆವು. ಅವನ ಕಾಲ ಬಳಿ ಒಂದು ತೆಳ್ಳನೆಯ ದಂಟು, ತುದಿಯಲ್ಲಿ ಬಿಳಿಯ ಬೀಜಗಳ ಗುಂಡು. ಊದಿದರೆ ಹಾರಿಹೋಗುವ ಅದನ್ನು ಚಿಕ್ಕಂದಿನಲ್ಲಿ ನಾವು ಅಜ್ಜನ ಗಡ್ಡ ಎನ್ನುತ್ತಿದ್ದೆವು. ಅಣ್ಣ ಜೇಬಿನಿಂದ ರಿಪೇರಿಗೆ ಬಳಸುವ ತನ್ನ ಪುಟ್ಟ ಭೂತಗನ್ನಡಿ ತೆಗೆದು ಕಣ್ಣಿಗೆ ಸಿಕ್ಕಿಸಿಕೊಂಡು, ಮೊಣಕೈಯೂರಿ ಬಗ್ಗಿದ. ನಾನು ಬಾಯಿ ತೆರೆಯುವಷ್ಟರಲ್ಲಿ ಬೆರಳೆತ್ತಿದ. ಉಸಿರು ಬಿಗಿಹಿಡಿದೆ.

"ನಡುಗ್ತಿದೆ" ಎಂದ ಮೆಲ್ಲಗೆ.

"ಕೈಯಾ?"

"ಕೈ ನೆಲದ ಮೇಲಿದೆ. ಈ ದಂಟು. ಇಷ್ಟು ನಡುಗ್ತಿದ್ರೂ ಒಂದು ಬೀಜಾನೂ ಉದುರಿಲ್ಲ. ನೋಡು ಬಾ."

ನೋಡಿದೆ. ಒಂದೊಂದು ಬೀಜಕ್ಕೂ ಒಂದೊಂದು ಕೊಡೆ. ಕೊಡೆಗೆ ರೇಷ್ಮೆಗಿಂತ ನವುರಾದ ಕಡ್ಡಿಗಳು. ಆ ಕಡ್ಡಿಗಳಲ್ಲೂ ಬಿಸಿಲು ಕುಳಿತಿತ್ತು. ಯಾರ ಚಿಮುಟ ಇದನ್ನೆಲ್ಲ ಜೋಡಿಸಿತೋ.

ಅಷ್ಟರಲ್ಲಿ ಗಾಳಿ ಬೀಸಿತು. ಬೀಜಗಳೆಲ್ಲ ಒಮ್ಮೆಗೇ ಎದ್ದವು. ನಾನು ಗಾಬರಿಯಿಂದ ಹುಲ್ಲಿನಲ್ಲಿ ಕೈಯಾಡಿಸಿ ಹುಡುಕತೊಡಗಿದೆ.

ಅಣ್ಣ ಹೊಟ್ಟೆ ಹಿಡಿದುಕೊಂಡು ನಕ್ಕ. "ಏಳೇ ಮೇಲೆ. ಅವು ಬಿದ್ದಿಲ್ಲ, ಹೊರಟಿವೆ."

ಬೀಜಗಳು ಕಾಲುವೆ ದಾಟಿ, ಹೊಲ ದಾಟಿ ಬೆಳಕಿನಲ್ಲಿ ಕರಗಿದವು. ಅವು ಕಣ್ಮರೆಯಾದ ಮೇಲೂ ಅಣ್ಣ ಬಹಳ ಹೊತ್ತು ಕತ್ತೆತ್ತಿ ಅತ್ತಲೇ ನೋಡುತ್ತ ನಿಂತಿದ್ದ.

ಸಂಜೆ ಮನೆಗೆ ಬಂದಾಗ ಮಗಳು ಮೂಲೆಯಲ್ಲಿ ಕಣ್ಣು ಕಿರಿದು ಮಾಡಿಕೊಂಡು ಒಂದು ಗಡಿಯಾರ ಬಿಚ್ಚಿ ಕುಳಿತಿದ್ದಳು. ಅಣ್ಣ ಮೇಜಿನ ಮುಂದಿನ ತನ್ನ ಕುರ್ಚಿಯನ್ನು ಹಿಂದಕ್ಕೆ ಎಳೆದ.

"ಇಲ್ಲಿ ಬಂದು ಕೂತ್ಕೋ ಮಗಳೇ. ಅಲ್ಲಿ ಬೆಳಕು ಸಾಲದು."

ಅವಳು ಅಮ್ಮನ ಮುಖ ನೋಡಿದಳು. ಆಮೇಲೆ ಬಂದು ಕುಳಿತು ಚಿಮುಟ ಎತ್ತಿಕೊಂಡಳು. ಅಣ್ಣ ಅವಳ ಮೂಲೆಯ ಸ್ಟೂಲಿನ ಮೇಲೆ ಕುಳಿತು ನಮಗೆ ಬೆರಳೆತ್ತಿ ತೋರಿಸಿದ. ಅಣ್ಣ, ಅತ್ತಿಗೆ, ನಾನು ಮೂವರೂ ಉಸಿರು ಬಿಗಿಹಿಡಿದೆವು.